ತವರಿಗೆ ಬರುವ ಪೆಟ್ಟಿಗೆ

ತುಮಕೂರು ರಸ್ತೆಯ ಜಾಲಹಳ್ಳಿ ಕ್ರಾಸಿನಲ್ಲಿ, ಮೆಟ್ರೋ ಕಂಬವೊಂದರ ಬುಡದಲ್ಲಿ, ಶಶಿಕಲಾ ನಿಂತಿದ್ದಾರೆ. ಪಿತೃಪಕ್ಷ ಕಳೆದು ನವರಾತ್ರಿ ಹಿಡಿದಿದೆ. ಬೆಳಕು ಇನ್ನೂ ಪೂರ್ತಿ ಹರಿದಿಲ್ಲ. ಹೊಸಪೇಟೆ, ಕೊಪ್ಪಳ, ಗದಗದ ಬಸ್ಸುಗಳು ಒಂದರ ಹಿಂದೊಂದು ಬಂದು ನಿಲ್ಲುತ್ತವೆ. ಪೀಣ್ಯದ ಕಾರ್ಖಾನೆಗಳಿಗೆ ದುಡಿಯಲು ಬಂದವರು ಚೀಲ, ಟ್ರಂಕು, ನಿದ್ದೆಗಣ್ಣಿನ ಮಕ್ಕಳ ಸಮೇತ ಇಳಿಯುತ್ತಾರೆ. ಶಶಿಕಲಾ ಪ್ರತಿ ಬಸ್ಸಿನ ಬಾಗಿಲಿಗೂ ಹೋಗಿ ಇಣುಕುತ್ತಾರೆ, ಮತ್ತೆ ಕಂಬದ ಬಳಿಗೆ ಬರುತ್ತಾರೆ.

ಪಕ್ಕದಲ್ಲಿ ಸೇವಂತಿಗೆ ಕಟ್ಟುತ್ತ ಕೂತ ಹೂವಿನಾಕೆಗೆ ನೋಡಿ ನೋಡಿ ತಡೆಯಲಾಗುವುದಿಲ್ಲ. “ಯಾರಕ್ಕ ಬರ್ಬೇಕಿತ್ತು? ಮಗ್ಳಾ?”

“ಮಗ್ಳು ಅಂತ್ಲೇ ಅಂದ್ಕೊ. ಗುಡ್ಡದ ಮೇಲಿಂದ ತವರಿಗೆ ಬರ್ತಾವ್ಳೆ.”

“ಬಾಣಂತನಕ್ಕಾ?”

“ಇಲ್ಲ ಕಣಮ್ಮ, ಸುದ್ದಿ ಕೇಳಕ್ಕೆ,” ಎಂದು ಶಶಿಕಲಾ ನಗುತ್ತಾರೆ. ನಕ್ಕರೂ ಕಣ್ಣು ಮಾತ್ರ ನೆಲಮಂಗಲದ ಕಡೆಯಿಂದ ಸರಿಯುವುದಿಲ್ಲ.

ಬರಬೇಕಾದದ್ದು ಕಂಬಳಿಯಲ್ಲಿ ಸುತ್ತಿದ ಒಂದು ಕಬ್ಬಿಣದ ಪೆಟ್ಟಿಗೆ. ಕಂಪ್ಯೂಟರ್ ಭಾಷೆಯಲ್ಲಿ ಸರ್ವರ್. ಅದು ಇವತ್ತು ಬಂದು, ಇವತ್ತೇ ಕೇಳಬೇಕಾದ ಸುದ್ದಿ ಕೇಳಿಕೊಂಡು ಹೋಗಬೇಕು. ನಾಳೆ ಸಂಜೆಗೆ ಗಡುವು ಮುಗಿಯುತ್ತದೆ. ಮುಗಿದರೆ, ಎರಡೂವರೆ ತಿಂಗಳ ಹಿಂದೆ ತೀರಿಕೊಂಡ ಒಬ್ಬ ಮನುಷ್ಯನ ಹೆಸರು ಮತ್ತೆ ಎದ್ದು ಬರುತ್ತದೆ.

ಶಶಿಕಲಾ ಕೆಲಸ ಮಾಡುವುದು ಗಾಳಿಯಂತ್ರಗಳನ್ನು ನೋಡಿಕೊಳ್ಳುವ ಕಂಪನಿಯಲ್ಲಿ. ಕಾರ್ಖಾನೆ ಪೀಣ್ಯ ಎರಡನೇ ಹಂತದಲ್ಲಿದೆ, ನಕ್ಷೆ ಬರೆಯುವವರು ಎಲೆಕ್ಟ್ರಾನಿಕ್ ಸಿಟಿಯಲ್ಲಿದ್ದಾರೆ, ವೈಟ್‌ಫೀಲ್ಡಿನಲ್ಲೊಂದು ಸಣ್ಣ ಕಚೇರಿ. ಉಳಿದ ಎಂಟು ಕಚೇರಿಗಳು ಚಿತ್ರದುರ್ಗದಿಂದ ಗದಗದವರೆಗೆ ಗುಡ್ಡಗಳ ನೆತ್ತಿಯ ಮೇಲೆ, ತಗಡಿನ ಸೂರಿನ ಕೋಣೆಗಳಲ್ಲಿ ಇವೆ. ಎಲ್ಲ ಸೇರಿ ಒಂಬೈನೂರು ಚಿಲ್ಲರೆ ಜನ. ಅವರ ಹೆಸರು, ಫೋನ್ ನಂಬರು, ಯಾರು ಯಾವ ಬಾಗಿಲು ತೆರೆಯಬಹುದು, ಯಾರ ಮೇಲ್ ಎಲ್ಲಿಗೆ ಹೋಗಬೇಕು, ಇಷ್ಟೂ ಇರುವ ಪಟ್ಟಿಗೆ ಡೈರೆಕ್ಟರಿ ಎನ್ನುತ್ತಾರೆ. ಅದನ್ನೂ ಇಮೇಲ್ ಸರ್ವರುಗಳನ್ನೂ ಕಾಯುವುದು ಶಶಿಕಲಾ ಅವರ ಕೆಲಸ. ದಿನಕ್ಕೆ ಮೂವತ್ತು ಸಾವಿರದಷ್ಟು ಮೇಲ್ ಅವರ ಕೋಣೆಯನ್ನು ಹಾದು ಹೋಗುತ್ತದೆ. “ಅದ್ರಲ್ಲಿ ಮುಕ್ಕಾಲು ಪಾಲು ಕಸ ಸಾರ್. ಬೆಳಗಾದ್ರೆ ಅಂಗಳ ಗುಡಿಸ್ದಂಗೆ ಗುಡಿಸ್ಬೇಕು,” ಎನ್ನುತ್ತಾರೆ, ತಮ್ಮ ಬಗ್ಗೆ ಬರೆಯಲು ಬಂದವರಿಗೆ.

ಆದರೆ ಹೆಚ್ಚು ನಿಗಾ ಬೇಡುವುದು ಮೇಲ್ ಅಲ್ಲ, ಹೆಸರು. ಒಂದೊಂದು ಗುಡ್ಡದ ಸರ್ವರಿನಲ್ಲೂ ಇಡೀ ಪಟ್ಟಿಯ ಒಂದೊಂದು ಪ್ರತಿ ಇರುತ್ತದೆ. ಎಲ್ಲಿ ಏನು ಬದಲಾದರೂ ಅದು ಉಳಿದ ಎಲ್ಲ ಕಡೆಗೂ ತಾನಾಗಿ ಹೋಗಿ ಸೇರಬೇಕು. ರೆಪ್ಲಿಕೇಶನ್ ಎಂಬುದು ಅದರ ಹೆಸರು. ಶಶಿಕಲಾ ಅದನ್ನು ‘ಸುದ್ದಿ ಮುಟ್ಟಿಸೋದು’ ಎನ್ನುತ್ತಾರೆ. ಮದುವೆಯಾಗಿ ಹೆಸರು ಬದಲಾದವರ ಸುದ್ದಿ, ಬಡ್ತಿ ಸಿಕ್ಕವರ ಸುದ್ದಿ, ಕೆಲಸ ಬಿಟ್ಟವರ ಸುದ್ದಿ. ಎಲ್ಲಕ್ಕಿಂತ ಜತನವಾಗಿ ಮುಟ್ಟಿಸಬೇಕಾದದ್ದು ಸಾವಿನ ಸುದ್ದಿ.

ನಮ್ಮ ಮನೆಗಳಲ್ಲೂ ಅದು ಹೀಗೇ. ದೂರದ ಊರಿನ ನೆಂಟರೊಬ್ಬರಿಗೆ ಹೇಳುವುದು ತಪ್ಪಿಹೋಗಿರುತ್ತದೆ. ಅವರು ವರ್ಷದ ಮೇಲೆ ಹಣ್ಣಿನ ಚೀಲ ಹಿಡಿದು ಬಾಗಿಲಿಗೆ ಬಂದು, “ಎಲ್ಲಿ, ಯಜಮಾನರು ಕಾಣಿಸ್ತಿಲ್ಲ?” ಎಂದು ಕೇಳುತ್ತಾರೆ. ಒಳಗಿದ್ದವರಿಗೆ ಆ ದಿನ ಮತ್ತೆ ಮೊದಲ ದಿನವಾಗುತ್ತದೆ.

ಯಂತ್ರದ ಲೋಕದಲ್ಲಿ ಒಂದು ಹೆಸರನ್ನು ಅಳಿಸಿದರೆ ಅದು ಕೂಡಲೇ ಇಲ್ಲವಾಗುವುದಿಲ್ಲ. ಅದರ ಜಾಗದಲ್ಲಿ ಒಂದು ಗುರುತು ಉಳಿಯುತ್ತದೆ. ಈ ಕೆಲಸದವರು ಅದನ್ನು ಸಮಾಧಿಯ ಕಲ್ಲು ಎಂದೇ ಕರೆಯುತ್ತಾರೆ. ಶಶಿಕಲಾ ಅವರ ಹಳೆಯ ಸರ್ವರುಗಳಲ್ಲಿ ಆ ಕಲ್ಲು ಎರಡು ತಿಂಗಳು ನಿಂತು, ಬಂದುಹೋಗುವ ಸರ್ವರುಗಳಿಗೆಲ್ಲ ‘ಈತ ಇನ್ನಿಲ್ಲ’ ಎಂದು ಹೇಳುತ್ತದೆ. ಆಮೇಲೆ ಕಲ್ಲೂ ಕರಗುತ್ತದೆ. ಅಷ್ಟರೊಳಗೆ ಯಾವುದಾದರೂ ಗುಡ್ಡಕ್ಕೆ ಸುದ್ದಿ ಮುಟ್ಟದಿದ್ದರೆ, ಅದಕ್ಕೆ ಹೇಳುವವರು ಇನ್ನು ಯಾರೂ ಇರುವುದಿಲ್ಲ. ಮುಂದೆ ಸಂಪರ್ಕ ಸರಿಹೋದ ದಿನ ಆ ಗುಡ್ಡದ ಸರ್ವರು ಉಳಿದವರ ಪಟ್ಟಿ ನೋಡಿ, ‘ನಿಮ್ಮಲ್ಲಿ ಒಬ್ಬರು ಬಿಟ್ಟುಹೋಗಿದ್ದಾರೆ, ನನ್ನ ಹತ್ತಿರ ಇದ್ದಾರೆ ನೋಡಿ’ ಎಂದು ಆ ಹೆಸರನ್ನು ಎಲ್ಲರಿಗೂ ಹಂಚುತ್ತದೆ. ಅದು ಸುಳ್ಳು ಹೇಳುತ್ತಿಲ್ಲ. ಅದಕ್ಕೆ ಗೊತ್ತಿಲ್ಲ, ಅಷ್ಟೆ.

ಹಾಗೊಮ್ಮೆ ಆಗಿದೆ. ಐದಾರು ವರ್ಷದ ಕೆಳಗೆ ಈರಪ್ಪ ಎಂಬ ಟವರ್ ಹತ್ತುವ ಕೆಲಸದವರು ರಜೆಯಲ್ಲಿ ಊರಿಗೆ ಹೋದವರು ಎದೆನೋವಿನಿಂದ ತೀರಿಕೊಂಡರು. ಆ ವರ್ಷ ಗಾಳಿಮಳೆಗೆ ಅವರ ಗುಡ್ಡವನ್ನು ಪೀಣ್ಯಕ್ಕೆ ಜೋಡಿಸುವ ಡಿಶ್ ಕಿತ್ತುಹೋಗಿ, ಅದನ್ನು ಮತ್ತೆ ನಿಲ್ಲಿಸುವಷ್ಟರಲ್ಲಿ ಮೂರು ತಿಂಗಳು ಕಳೆದಿತ್ತು. ಸಂಪರ್ಕ ಬಂದ ದಿನವೇ ಈರಪ್ಪನವರ ಹೆಸರು ಎಲ್ಲ ಕಡೆಯೂ ಎದ್ದು ಕೂತಿತು. ಯಾರೂ ಗಮನಿಸಲಿಲ್ಲ. ಪ್ರತಿ ಸೋಮವಾರ ಬೆಳಿಗ್ಗೆ ಪಟ್ಟಿಯಲ್ಲಿರುವ ಎಲ್ಲರ ಫೋನಿಗೂ ಕಂಪನಿಯಿಂದ ಒಂದು ಸಂದೇಶ ಹೋಗುತ್ತದೆ: ‘ಟವರ್ ಹತ್ತುವ ಮುನ್ನ ಬೆಲ್ಟ್ ಕಟ್ಟಿಕೊಳ್ಳಿ. ಮನೆಯವರು ಕಾಯುತ್ತಿರುತ್ತಾರೆ.’ ಆ ಸೋಮವಾರ ಅದು ಈರಪ್ಪನವರ ಫೋನಿಗೂ ಹೋಯಿತು. ಫೋನು ಈಗ ಅವರ ಹೆಂಡತಿ ರುಕ್ಮವ್ವನ ಕೈಯಲ್ಲಿತ್ತು.

ಕರೆ ಬಂದಾಗ ಎತ್ತಿಕೊಂಡವರು ಶಶಿಕಲಾ.

“ಮೇಡಂ, ಇವ್ರ ಫೋನಿಗೆ ನಿಮ್ಮ ಕಂಪ್ನಿ ಮೆಸೇಜ್ ಬಂದೈತ್ರಿ. ಮಗಳು ಓದಿ ಹೇಳಿದ್ಳು. ಇವ್ರು ಅಲ್ಲೇನಾರ ಅದಾರೇನ್ರಿ?”

“ಇಲ್ಲಕ್ಕ,” ಎಂದರು ಶಶಿಕಲಾ.

“ಗೊತ್ತೈತ್ರಿ,” ಎಂದರು ರುಕ್ಮವ್ವ. “ಗೊತ್ತೈತಿ. ಆದ್ರೂ ಒಂದ್ಸಲ ಕೇಳ್ಬೇಕನಿಸ್ತು.”

ಹೋದವರನ್ನು ದೇವರು ಕರೆದುಕೊಂಡಿರುತ್ತಾನೆ. ಅದು ಅವನ ಲೆಕ್ಕ. ಉಳಿದವರ ಕಿವಿಗೆ ಅವರ ಹೆಸರು ಹೇಗೆ ಬೀಳಬೇಕು ಎನ್ನುವುದು ಮಾತ್ರ ಮನುಷ್ಯರ ಕೈಯಲ್ಲಿದೆ. ಶಶಿಕಲಾ ಅಂದಿನಿಂದ ಎರಡು ಪದ್ಧತಿ ಇಟ್ಟುಕೊಂಡಿದ್ದಾರೆ. ತೀರಿಕೊಂಡವರ ಬೀಗ, ಪಾಸ್‌ವರ್ಡುಗಳನ್ನು ಅಂದೇ ಮುಚ್ಚಿದರೂ, ಮನೆಯಲ್ಲಿ ತಿಥಿ ಮುಗಿಯುವವರೆಗೆ ಪಟ್ಟಿಯಿಂದ ಹೆಸರು ತೆಗೆಯುವುದಿಲ್ಲ. ಎರಡನೆಯದು, ಮಳೆಗಾಲದಲ್ಲಿ ಸಂಪರ್ಕ ಕಡಿದುಹೋದ ಗುಡ್ಡದ ಸರ್ವರನ್ನು ಗಡುವಿನೊಳಗೆ ಬಸ್ಸಿನಲ್ಲಿ ಪೀಣ್ಯಕ್ಕೆ ತರಿಸಿಕೊಳ್ಳುವುದು. ಒಂದು ದಿನ ಅಕ್ಕತಂಗಿಯರ ಜೊತೆ ಕೂರಿಸಿ, ಸುದ್ದಿಯೆಲ್ಲ ಕೇಳಿಸಿ, ಸಂಜೆಯ ಬಸ್ಸಿಗೆ ವಾಪಸು ಕಳಿಸುವುದು. ‘ತವರಿಗೆ ಬರೋದು’ ಎಂದು ಅದಕ್ಕೆ ಹೆಸರಿಟ್ಟವರು ಅವರ ತಾಯಿ ಸೊಣ್ಣಮ್ಮ. ಈಗ ಎಲೆಕ್ಟ್ರಾನಿಕ್ ಸಿಟಿಯ ಇಂಜಿನಿಯರುಗಳೂ ಹಾಗೇ ಅನ್ನುತ್ತಾರೆ.

ಸೊಣ್ಣಮ್ಮನವರದು ಚೊಕ್ಕಸಂದ್ರದ ಹಳೆಯ ಮನೆತನ. ಗಂಡ ಪಾಪಯ್ಯನವರ ರಾಗಿ ಹೊಲದ ಮೇಲೆ ಈಗ ಸ್ಪ್ರಿಂಗ್ ಮಾಡುವ ಕಾರ್ಖಾನೆಯಿದೆ. ಪಾಪಯ್ಯ ಅದೇ ಕಾರ್ಖಾನೆಯ ಗೇಟು ಕಾದು ಮಗಳನ್ನು ಪಿಯುಸಿ ಓದಿಸಿದರು. ಶಶಿಕಲಾ ಗಾಳಿಯಂತ್ರದ ಕಂಪನಿಗೆ ಸೇರಿದ್ದು ಟೆಲಿಫೋನ್ ಬೋರ್ಡಿನ ಮುಂದೆ ಕೂರಲು. ಗುಡ್ಡಗಳಿಂದ ಬರುವ ಕರೆಗಳನ್ನು ಅತ್ತಿತ್ತ ಜೋಡಿಸುತ್ತ, ಮುಖ ನೋಡದ ನೂರಾರು ಜನರನ್ನು ದನಿಯಿಂದಲೇ ಗುರುತಿಸುತ್ತಿದ್ದರು. ಬೋರ್ಡು ಹೋಗಿ ಇಮೇಲ್ ಬಂದಾಗ, ಹೆಸರುಗಳನ್ನು ತುಂಬಿಸುವ ಕೆಲಸ ಅವರ ಪಾಲಿಗೆ ಬಂತು. ಆಗಿನ ಇಂಜಿನಿಯರರು ಸಂಜೆ ಕೂರಿಸಿಕೊಂಡು ಸರ್ವರಿನ ಕೆಲಸ ಹೇಳಿಕೊಟ್ಟರು. ಎರಡು ಸಲ ಪರೀಕ್ಷೆಯಲ್ಲಿ ಬಿದ್ದು ಮೂರನೆಯ ಸಲ ಪಾಸಾದರು.

ಸುಲಭದ ದಿನಗಳೇನಲ್ಲ. ಗಂಡ ವೆಂಕಟೇಶಪ್ಪನವರು ಲೇತಿನ ಕೆಲಸದಲ್ಲಿ ಎರಡು ಬೆರಳು ಕಳೆದುಕೊಂಡ ವಾರವೇ ಕಂಪನಿಯ ಮೇಲ್ ಪೂರ್ತಿ ನಿಂತುಹೋಗಿತ್ತು. ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಗುಡ್ಡದವರಿಗೆ ಫೋನಿನಲ್ಲೇ ಒಂದೊಂದು ವೈರೂ ಹೇಳಿ ಹಾಕಿಸಿದರು. ತಮ್ಮನ ಮದುವೆಯ ಧಾರೆಯ ಹೊತ್ತಿಗೂ ಫೋನು ಬಂತು. “ತಾಳಿ ಕಟ್ಟಿದ್ದು ನಾನ್ ನೋಡ್ಲಿಲ್ಲ ಸಾರ್, ವಿಡಿಯೋದಲ್ಲಿ ನೋಡ್ದೆ. ಅದ್ರಲ್ಲೂ ಒಂದ್ಕಡೆ ಫೋನ್ ಹಿಡ್ಕೊಂಡು ಓಡ್ತಿರೋದು ನಾನೇ.” ಲೇತು ಬಿಟ್ಟ ಮೇಲೆ ವೆಂಕಟೇಶಪ್ಪನವರು ಮನೆಯ ಮುಂದೆಯೇ ಸಾಣೆ ಹಿಡಿಯುವ ಅಂಗಡಿ ಇಟ್ಟಿದ್ದಾರೆ. ಬೆಳಗಿನ ತಿಂಡಿ ಅವರದೇ. ಇವತ್ತಿನ ಚೀಲದಲ್ಲಿರುವ ಚಿತ್ರಾನ್ನವೂ ಅವರು ಮಾಡಿದ್ದು. ಬರುವ ಅತಿಥಿಗೂ ಸೇರಿಸಿ ಕಟ್ಟಿದ್ದಾರೆ.

ಆ ಅತಿಥಿ ಪ್ರತಿ ಸಲ ಶ್ಯಾಮಣ್ಣ ಆಗಿರುತ್ತಿದ್ದರು. ಗುಡ್ಡದ ಜೀಪು ಓಡಿಸುತ್ತಿದ್ದವರು. ಮೊದಲ ವರ್ಷ ಅವರು ಹಾಸಿಗೆಯಲ್ಲಿ ಸುತ್ತಿ, ಹಗ್ಗ ಬಿಗಿದು, ರಾತ್ರಿಯೆಲ್ಲ ತಬ್ಬಿಕೊಂಡು ತಂದದ್ದು ಬಿಚ್ಚಿ ನೋಡಿದರೆ ಬರೀ ಕಂಪ್ಯೂಟರಿನ ಪರದೆ. ಪೆಟ್ಟಿಗೆ ಗುಡ್ಡದ ಮೇಲೇ ಕೂತಿತ್ತು. “ಮಾರಿ ಐತೆಲ್ರಿ, ಇದೇ ಇರ್ಬೇಕು ಅನ್ಕೊಂಡೆ,” ಎಂದು ಅದರ ಗಾಜಿನ ಮುಖ ತೋರಿಸಿ ತಾವೇ ಹೊಟ್ಟೆ ಹಿಡಿದು ನಕ್ಕು, ಅದೇ ಬಸ್ಸಿಗೆ ವಾಪಸು ಹತ್ತಿದ್ದರು. ಸಂಪರ್ಕ ಇದೆಯೋ ಇಲ್ಲವೋ ತಿಳಿಯಲೆಂದು ದಿನಾ ಬೆಳಿಗ್ಗೆ ಒಂದು ಮೇಲ್ ಕಳಿಸಲು ಶಶಿಕಲಾ ಶ್ಯಾಮಣ್ಣನವರಿಗೆ ಹೇಳಿಕೊಟ್ಟಿದ್ದರು. ಅವರದು ಯಾವತ್ತೂ ಒಂದೇ ಒಕ್ಕಣೆ: ‘ಗುಡ್ಡ ಹತ್ತಿದೆವು. ಎಲ್ಲರೂ ಕ್ಷೇಮ.’ ಎಷ್ಟೋ ವರ್ಷ ಶಶಿಕಲಾ ಅವರ ದಿನ ಶುರುವಾದದ್ದು ಈ ಎರಡು ಸಾಲಿನಿಂದ.

ಆಷಾಢದ ಕೊನೆಯಲ್ಲಿ ಶ್ಯಾಮಣ್ಣ ತೀರಿಕೊಂಡರು. ಕಾಮಾಲೆ. ತಿಥಿಯಾದ ಮೇಲೆ ಅವರ ಹೆಂಡತಿ ಚನ್ನಕ್ಕನಿಗೆ ಫೋನ್ ಮಾಡಿ ತಿಳಿಸಿ, ಶಶಿಕಲಾ ಪೀಣ್ಯದ ಪಟ್ಟಿಯಿಂದ ಹೆಸರು ತೆಗೆದರು. ಅದರ ಹಿಂದಿನ ದಿನವೇ ಗುಡ್ಡದ ರಸ್ತೆ ಕುಸಿದು, ಡಿಶ್ ಉರುಳಿ, ಸಂಪರ್ಕ ಹೋಗಿತ್ತು. ಎಲ್ಲ ಕಡೆಗೂ ಮುಟ್ಟಿದ ಸುದ್ದಿ ಶ್ಯಾಮಣ್ಣನವರ ಗುಡ್ಡಕ್ಕೊಂದೇ ಮುಟ್ಟಲಿಲ್ಲ. ಡಿಶ್ಶಿನವರು ‘ಮುಂದಿನ ವಾರ’ ಎನ್ನುತ್ತಲೇ ಬಂದು, ಕಡೆಗೆ ಈ ಭಾನುವಾರ ಬರುವುದಾಗಿ ಹೇಳಿದ್ದಾರೆ. ಗಡುವು ಶನಿವಾರ. ಇವತ್ತು ಶುಕ್ರವಾರ.

ಗಡುವು ಮೀರಿದರೆ ಬೇರೆ ದಾರಿ ಇಲ್ಲವೆಂದಲ್ಲ. ಎದ್ದ ಹೆಸರನ್ನು ಮತ್ತೆ ಅಳಿಸಬಹುದು, ಆದರೆ ಅಷ್ಟರಲ್ಲಿ ಅದು ಎಲ್ಲೆಲ್ಲಿಗೆ ಹೋಗಿ ಮುಟ್ಟಿರುತ್ತದೋ ಹೇಳಲಾಗದು. ಗುಡ್ಡದ ಪೆಟ್ಟಿಗೆಯನ್ನು ಪೂರ್ತಿ ಒರೆಸಿ, ಹೊಸದಾಗಿ ಕಟ್ಟಬಹುದು. ಆಗ ಗುಡ್ಡದವರು ಈ ಎರಡು ತಿಂಗಳಲ್ಲಿ ಬರೆದು, ಹೊರಗೆ ಹೋಗದೆ ಅದರಲ್ಲೇ ಕೂತಿರುವ ಮೇಲ್‌ಗಳೆಲ್ಲ ಹೋಗುತ್ತವೆ. “ಅವ್ರು ನಂಬಿ ನಮ್ಮತ್ರ ಇಟ್ಟಿರೋದು ಅದು. ಒರೆಸ್ಬಿಡು ಅನ್ನೋದು ಸುಲಭ,” ಎನ್ನುತ್ತಾರೆ ಶಶಿಕಲಾ.

ಬರಬೇಕಾದ ಬಸ್ಸು ಬಂದು ಹೋಯಿತು. ಪೆಟ್ಟಿಗೆ ಇಳಿಯಲಿಲ್ಲ. ಶಶಿಕಲಾ ಅವರ ಮುಖ ಸಣ್ಣದಾಗುತ್ತದೆ. ಅಷ್ಟರಲ್ಲಿ ಫೋನು ಬರುತ್ತದೆ. ಈ ಸಲ ಮೊದಲ ಬಾರಿಗೆ ಪೆಟ್ಟಿಗೆ ತರುತ್ತಿರುವ ಯಮನೂರ, ಗುಡ್ಡದ ಮೆಕ್ಯಾನಿಕ್ಕು.

“ಮೇಡಂ, ನಾ ಎಲ್ಲದೀನಿ ಗೊತ್ತಾಗವಲ್ದ್ರಿ.”

“ಎದುರಿಗೆ ಬೋರ್ಡ್ ಏನಿದೆ, ಓದು.”

“ಯಶವಂತಪುರ ಅಂತೈತ್ರಿ.”

“ಅಯ್ಯೋ ನಿನ್ನ! ಜಾಲಹಳ್ಳಿ ದಾಟ್ಬಿಟ್ಯಲ್ಲೋ! ಪೆಟ್ಟಿಗೆ?”

“ತೊಡಿ ಮ್ಯಾಲೇ ಐತ್ರಿ. ರಾತ್ರಿಯೆಲ್ಲ ಕಣ್ಣು ಮುಚ್ಚಿಲ್ಲ ನೋಡ್ರಿ. ಊರು ಬಂತು ಅನ್ನೂ ಹೊತ್ತಿಗೆ ನಿದ್ದಿ ಹತ್ತಿಬಿಡ್ತು.”

“ಆಯ್ತು, ಅಲ್ಲೇ ಮೆಟ್ರೋ ಹತ್ತು. ಕಂಬಳಿ ಬಿಚ್ಚಬೇಡ, ಧೂಳು ಒಳಗೆ ಹೋಗುತ್ತೆ.”

ಬಿಚ್ಚಬೇಕಾಗಿಯೇ ಬಂತು. ಮೆಟ್ರೋ ನಿಲ್ದಾಣದ ಕಾವಲಿನವರು ಏನಿದು ಎಂದು ಕೇಳಿದರಂತೆ. “ನಮ್ಮ ಗುಡ್ಡದ ಸರ್ವರ್ ರೀ, ತವರಿಗೆ ಹೊಂಟೈತಿ,” ಎಂದು ಯಮನೂರ ನಿಜವನ್ನೇ ಹೇಳಿ, ಅದಕ್ಕೇ ಇನ್ನಷ್ಟು ಹೊತ್ತು ನಿಲ್ಲಬೇಕಾಯಿತು. ಜಾಲಹಳ್ಳಿ ನಿಲ್ದಾಣದ ಮೆಟ್ಟಿಲಿಳಿದು ಬರುವಾಗ ಆತ ಪೆಟ್ಟಿಗೆಯನ್ನು ಹಸುಗೂಸಿನಂತೆ ಎದೆಗವಚಿಕೊಂಡಿದ್ದಾನೆ. ಹೂವಿನಾಕೆ ಬಗ್ಗಿ ನೋಡಿ, “ಇದೇನಾ ನಿಮ್ಮಗ್ಳು?” ಎಂದು ಬಾಯಿಗೆ ಕೈಯಿಟ್ಟುಕೊಂಡು, ಒಂದು ಮೊಳ ಸೇವಂತಿಗೆ ಕಿತ್ತು ಕಂಬಳಿಯ ಮೇಲಿಡುತ್ತಾಳೆ.

ಸರ್ವರ್ ಕೋಣೆಯ ಹೊರಗೆ ಚಪ್ಪಲಿ ಬಿಡಬೇಕು. ಧೂಳಿನ ಕಾರಣಕ್ಕೆ ಮಾಡಿದ ನಿಯಮ ಅದು. ಆದರೂ ಒಳಗೆ ಹೋದವರು ತಾವಾಗಿ ದನಿ ತಗ್ಗಿಸುತ್ತಾರೆ. ಪೆಟ್ಟಿಗೆಯನ್ನು ಒರೆಸಿ, ವಿದ್ಯುತ್ ಕೊಟ್ಟು, ಶಶಿಕಲಾ ಪರದೆಯ ಮುಂದೆ ಕೂರುತ್ತಾರೆ. ಎಲೆಕ್ಟ್ರಾನಿಕ್ ಸಿಟಿಯಿಂದ ಬಾಲಾಜಿಯ ಫೋನು. ಅಲ್ಲಿನ ಸರ್ವರು ನೋಡಿಕೊಳ್ಳುವವನು.

“ಶಶಕ್ಕ, ಮಗ್ಳು ಬಂದ್ಳಾ?”

“ಬಂದ್ಳು ಕಣೋ, ಮೆಟ್ರೋದಲ್ಲಿ.”

“ಸಕ್ಕತ್! ನಮ್ ಸಿಟಿ ಹುಡ್ಗೀರ್ಗಿಂತ ಜೋರಿದಾಳೆ.”

“ಮುಚ್ಕೊಂಡ್ ಕೆಲ್ಸ ನೋಡು. ಒಂಬತ್ತಕ್ಕೆಲ್ಲ ನಿನ್ ಕಡೆ ಸರಿಯಾಗಿದ್ಯಾ ಹೇಳ್ಬೇಕು.”

ನೆಟ್‌ವರ್ಕಿನ ತಂತಿಯೊಂದು ಬಾಕಿ. ಅದನ್ನು ಸಿಕ್ಕಿಸುವ ಮೊದಲು ಶಶಿಕಲಾ ಗುಡ್ಡದ ಪೆಟ್ಟಿಗೆಯಲ್ಲಿ ಆ ಹೆಸರನ್ನು ಹುಡುಕುತ್ತಾರೆ. ಇದೆ. ‘ಶ್ಯಾಮಣ್ಣ, ಜೀಪು.’ ಪಕ್ಕದಲ್ಲಿ ಗುರುತಿನ ಚೀಟಿಗೆ ತೆಗೆದ ಪುಟ್ಟ ಫೋಟೋ. ಮೀಸೆಯಡಿಯಲ್ಲಿ ತಡೆದ ನಗು.

“ಒಂದ್ ನಿಮಿಷ ತಡೀರಿ ಮೇಡಂ,” ಎನ್ನುತ್ತಾನೆ ಯಮನೂರ. ಬಗ್ಗಿ ಹತ್ತಿರದಿಂದ ನೋಡುತ್ತಾನೆ. “ನನಗ ಗೇರ್ ಹಾಕೂದು ಕಲಿಸಿದ್ದು ಇವ್ರೇ ರೀ. ಇಳಿಜಾರಿನ್ಯಾಗ ಬ್ರೇಕ್ ತುಳೀಬ್ಯಾಡ ಅಂತ ತಲಿಮ್ಯಾಲ ಒಂದು ಕೊಡ್ತಿದ್ರು.” ಆಮೇಲೆ, “ನಾನೇ ಹಾಕ್ಲೇನ್ರಿ?” ಎಂದು ಕೇಳುತ್ತಾನೆ.

ಶಶಿಕಲಾ ತಂತಿಯನ್ನು ಅವನ ಕೈಗೆ ಕೊಡುತ್ತಾರೆ. ಅವನು ಸಿಕ್ಕಿಸುತ್ತಾನೆ. ಪೆಟ್ಟಿಗೆಯ ಮೇಲೆ ಹಸಿರು ದೀಪ ಮಿನುಗತೊಡಗುತ್ತದೆ. ಎರಡು ತಿಂಗಳಲ್ಲಿ ನಡೆದದ್ದೆಲ್ಲ ಅದರ ಕಿವಿಗೆ ಬೀಳುತ್ತಿದೆ: ವೈಟ್‌ಫೀಲ್ಡಿಗೆ ಬಂದ ಹೊಸ ಹುಡುಗಿ, ಗದಗದ ಕಡೆಯ ವರ್ಗಾವಣೆ, ಯಾರದೋ ಮದುವೆ. ಇಬ್ಬರೂ ದೀಪ ನೋಡುತ್ತ ಕೂರುತ್ತಾರೆ. ಚಿತ್ರಾನ್ನದ ಡಬ್ಬಿ ಹಾಗೇ ಇದೆ. ಕಡೆಗೊಮ್ಮೆ ಶಶಿಕಲಾ ಮತ್ತೆ ಹುಡುಕಿದಾಗ ಆ ಹೆಸರು ಇಲ್ಲ.

“ಮುಟ್ತು,” ಎನ್ನುತ್ತಾರೆ. ಎರಡು ಬೆರಳನ್ನು ಪೆಟ್ಟಿಗೆಗೆ ತಾಗಿಸಿ ಕಣ್ಣಿಗೊತ್ತಿಕೊಳ್ಳುತ್ತಾರೆ. ಯಮನೂರ ತಲೆಯ ಟವೆಲು ತೆಗೆದು ಹೆಗಲಿಗೆ ಹಾಕಿಕೊಳ್ಳುತ್ತಾನೆ. ಆಮೇಲೆ ಇಬ್ಬರೂ ಕೈ ತೊಳೆದು ಚಿತ್ರಾನ್ನ ತಿನ್ನುತ್ತಾರೆ.

ಸಂಜೆ ಬೀಳ್ಕೊಡುಗೆ ಸೊಣ್ಣಮ್ಮನವರದು. ಎಂಬತ್ತರ ಹತ್ತಿರದ ಅವರು ಬಸ್ ನಿಲ್ದಾಣಕ್ಕೇ ಬರುತ್ತಾರೆ. “ತವರಿಗ್ ಬಂದವ್ಳನ್ನ ಬರೀಗೈಲಿ ಕಳುಸ್ತಾರಾ? ಇಂಗೆಲ್ಲಾದ್ರೂ ಉಂಟಾ?” ಪೆಟ್ಟಿಗೆಗೆ ಅರಿಶಿನ ಕುಂಕುಮದ ಬೊಟ್ಟು. ಮಡಿಲಕ್ಕಿ, ಕಾಯಿ, ಬೆಲ್ಲ, ಕೊಬ್ಬರಿ ಬಟ್ಟಲು ಒಂದು ಗಂಟಿನಲ್ಲಿ; ಅದು ಗುಡ್ಡದ ಅಡುಗೆಮನೆಗೆ. ಬೇರೊಂದು ಪೊಟ್ಟಣ ಚನ್ನಕ್ಕನ ಮನೆಗೆ. ಅದರಲ್ಲಿ ಸೊಣ್ಣಮ್ಮ ತಾವೇ ಹುರಿದು ಬೀಸಿಸಿದ ರಾಗಿ ಹುರಿಹಿಟ್ಟು. “ಅದನ್ನ ಅವ್ರ್ ಕೈಗೇ ಕೊಡಪ್ಪ. ಪಾಪ, ಹೊಟ್ಟೆಗ್ ಸರಿಯಾಗ್ ತಿಂತಾವ್ಳೋ ಇಲ್ವೋ.” ಯಮನೂರನೂ ಚನ್ನಕ್ಕನೂ ಒಂದೇ ಊರಿನವರು. “ನಮ್ಮ ಕಡೆ ಉಡಿ ತುಂಬೂದು ಅಂತಾರ್ರಿ ಇದಕ್ಕ,” ಎನ್ನುತ್ತ ಆತ ಗಂಟನ್ನು ಪೆಟ್ಟಿಗೆಯ ಮೇಲೇ ಇಟ್ಟುಕೊಂಡು ಬಸ್ಸು ಹತ್ತುತ್ತಾನೆ.

ತಮ್ಮ ಬಗ್ಗೆ ಬರೆಯುವುದಕ್ಕೆ ಶಶಿಕಲಾ ಒಪ್ಪಿದ್ದು ಒಂದು ಮಾತಿನ ಮೇಲೆ. “ಆ ಗುಡ್ಡದ ಹೆಸ್ರು ಹಾಕ್ಬೇಡಿ ಸಾರ್. ಹೋದೋರ ಹೆಸ್ರು, ಅವ್ರ ಮನೆಯೋರ ಹೆಸ್ರೂ ಬದ್ಲಾಯ್ಸಿ. ಅವ್ರಿಗೆ ಇದೊಂದೂ ಗೊತ್ತಿಲ್ಲ. ಗೊತ್ತಾಗೋದೂ ಬೇಡ.” ಅವರ ಮಾತನ್ನು ಇಲ್ಲಿ ಪಾಲಿಸಲಾಗಿದೆ.

ಭಾನುವಾರ ಡಿಶ್ಶಿನವರು ನಿಜಕ್ಕೂ ಬಂದರು. ಸೋಮವಾರ ಬೆಳಿಗ್ಗೆ ಶಶಿಕಲಾ ಕೋಣೆಗೆ ಬಂದು ಚಪ್ಪಲಿ ಬಿಡುವಾಗಲೇ ಗುಡ್ಡದಿಂದ ಮೇಲ್ ಬಂದಿರುತ್ತದೆ. ಯಮನೂರ ಕಳಿಸಿದ್ದು: ‘ಗುಡ್ಡ ಹತ್ತಿದೆವು. ಎಲ್ಲರೂ ಕ್ಷೇಮ.’ ಹೀಗೆ ಬರೆಯೆಂದು ಅವನಿಗೆ ಯಾರೂ ಹೇಳಿರಲಿಲ್ಲ. ಸ್ವಲ್ಪ ಹೊತ್ತಿಗೆ ವಾರದ ಸಂದೇಶ ಒಂಬೈನೂರು ಫೋನುಗಳಿಗೆ ಹೊರಡುತ್ತದೆ. ಟವರ್ ಹತ್ತುವ ಮುನ್ನ ಬೆಲ್ಟ್ ಕಟ್ಟಿಕೊಳ್ಳಿ. ಮನೆಯವರು ಕಾಯುತ್ತಿರುತ್ತಾರೆ.

ಅದು ಹೋದ ಐದೇ ನಿಮಿಷಕ್ಕೆ ಶಶಿಕಲಾ ಅವರ ಫೋನು ಅದುರುತ್ತದೆ. ಪರದೆಯ ಮೇಲೆ ‘ಶ್ಯಾಮಣ್ಣ ಜೀಪು’.

ಮೂರನೆಯ ಸಲ ಅದುರಿದಾಗ ಎತ್ತುತ್ತಾರೆ. “ಹೇಳಿ ಚನ್ನಕ್ಕ.”

“ಮೇಡಂ, ಚಲೋ ಅದೀರೇನ್ರಿ? ನಿಮ್ಮ ಅವ್ವಾರು ಕಳ್ಸಿದ ಹಿಟ್ಟು ಮುಟ್ಟೇತ್ರಿ.”

“ಮುಟ್ತಾ?”

“ಮುಟ್ಟೇತ್ರಿ. ಆದ್ರ ಅದೇನು ಹಿಟ್ಟ್ರೀ ಅದು? ಮುಂಜಾನಿಂದ ರೊಟ್ಟಿ ಬಡ್ಯಾಕ ಹತ್ತೀನಿ, ಬರವಲ್ದು. ಹರ್ಕೊಂಡು ಹರ್ಕೊಂಡು ಹೊಕ್ಕತಿ.”

ಶಶಿಕಲಾ ಕುರ್ಚಿಗೆ ಒರಗಿ ಕಣ್ಣು ಮುಚ್ಚುತ್ತಾರೆ. ನಗು ತಾನಾಗಿ ಬರುತ್ತದೆ. “ಅಯ್ಯೋ ಅಕ್ಕ, ಅದು ರೊಟ್ಟಿಗಲ್ಲ! ಹುರ್ದಿರೋ ಹಿಟ್ಟು. ಬೆಲ್ಲ, ಕಾಯ್ತುರಿ ಹಾಕಿ, ಒಂಚೂರು ಬಿಸಿನೀರಲ್ಲಿ ಕಲಸ್ಕೊಂಡು ಹಾಗೇ ತಿನ್ನೋದು.”

“ಹಂಗೇನ್ರಿ! ಯಮನೂರ ಒಂದ್ ಮಾತು ಹೇಳ್ಬಾರ್ದ?” ಆ ಕಡೆ ಚನ್ನಕ್ಕನೂ ನಗುತ್ತಾರೆ. ಶ್ಯಾಮಣ್ಣ ಹೋದ ಮೇಲೆ ಆ ನಗುವನ್ನು ಶಶಿಕಲಾ ಕೇಳುತ್ತಿರುವುದು ಇದೇ ಮೊದಲು. ಬೇರೆ ಯಾವ ಮಾತೂ ಬರುವುದಿಲ್ಲ. ಸೋಮವಾರದ ಸಂದೇಶ ಆ ಮನೆಗೆ ಹೋಗಿಲ್ಲ.

ಫೋನು ಕೆಳಗಿಟ್ಟ ಮೇಲೂ ಪರದೆಯ ಮೇಲೆ ಆ ಹೆಸರು ಒಂದು ಗಳಿಗೆ ಉಳಿಯುತ್ತದೆ. ಎಲ್ಲ ಗುಡ್ಡಗಳ ಪಟ್ಟಿಯಿಂದಲೂ ತೆಗೆದದ್ದು ಇಲ್ಲಿ ಮಾತ್ರ ಹಾಗೇ ಇದೆಯಲ್ಲ ಎಂದರೆ, ಶಶಿಕಲಾ ಸೆರಗಿನಿಂದ ಫೋನಿನ ಗಾಜು ಒರೆಸುತ್ತ ಹೇಳುತ್ತಾರೆ:

“ಇದೊಂದು ಇರ್ಲಿ ಅಂತ ಬಿಟ್ಟಿದೀನಿ ಸಾರ್. ಇದು ಇಲ್ಲಿಂದ ಯಾರಿಗೂ ಹೋಗಿ ಮುಟ್ಟಲ್ಲ.”